ಚೆಕ್ಕರ್ ಮುನಿಲಕ್ಷ್ಮಮ್ಮನ ‘ಇಲ್ಲ’

ಕಣ್ಣಿನ ಪಟ್ಟಿ ಬಿಚ್ಚಿದಾಗ ಮುನಿಲಕ್ಷ್ಮಮ್ಮ ಮೊದಲು ನೋಡಿದ್ದು ಮಗಳ ಮುಖವನ್ನಲ್ಲ, ಡಾಕ್ಟರ ಬಿಳಿ ಕೋಟನ್ನು. ಬಲಗಣ್ಣು ಮುಚ್ಚಿ ನೋಡಿದರು. ಎಡಗಣ್ಣು ಮುಚ್ಚಿ ನೋಡಿದರು. ಮತ್ತೊಮ್ಮೆ ಹಾಗೇ ಮಾಡಿದರು. ಆಮೇಲೆ ಪಕ್ಕದಲ್ಲಿದ್ದ ಮಗಳು ಅರ್ಪಿತಳ ಕಿವಿಗೆ ಬಾಗಿ, “ಒಂದೇ ಕೋಟು ಕಣೇ, ಎರಡು ಶೇಡು. ಈ ಕಣ್ಣಲ್ಲಿ ನೀಲಿ ಹಾಕಿ ಒಗೆದಂಗೈತೆ, ಆ ಕಣ್ಣಲ್ಲಿ ನಿಮ್ಮಪ್ಪನ ಹಳೇ ಪಂಚೆ ಇದ್ದಂಗೈತೆ,” ಎಂದರು.

ಡಾಕ್ಟರಿಗೂ ಅದು ಕೇಳಿಸಿತು, ನಕ್ಕರು. “ಆಪರೇಷನ್ ಆಗಿರೋದು ಬಲಗಣ್ಣಿಗೆ ಅಮ್ಮ. ಅದು ತೋರಿಸ್ತಿರೋದೇ ನಿಜವಾದ ಬಿಳಿ. ಎಡಗಣ್ಣಲ್ಲಿ ಪೊರೆ ಇನ್ನೂ ಇದೆ. ಅದಕ್ಕೆ ಹಳದಿ ಕಾಣುತ್ತೆ.”

ಅರ್ಪಿತಳೂ ನಕ್ಕಳು. ಮುನಿಲಕ್ಷ್ಮಮ್ಮ ಮಾತ್ರ ನಗಲಿಲ್ಲ. ಹಾಗಾದರೆ ಇಷ್ಟು ದಿನ ತಾನು ನೋಡಿದ್ದರಲ್ಲಿ ನಿಜ ಎಷ್ಟು, ಹಳದಿ ಎಷ್ಟು? ಆಟೋದಲ್ಲಿ ತ್ಯಾಗರಾಜನಗರದ ಮಗಳ ಮನೆಗೆ ಬರುವವರೆಗೂ ಅವರ ತಲೆಯಲ್ಲಿ ಅದೊಂದೇ ಪ್ರಶ್ನೆ ಓಡುತ್ತಿತ್ತು.

ಬೇರೆ ಯಾರಿಗಾದರೂ ಆಗಿದ್ದರೆ ಇದು ದೊಡ್ಡ ವಿಷಯವಲ್ಲ. ಆದರೆ ಮುನಿಲಕ್ಷ್ಮಮ್ಮ ಇಪ್ಪತ್ಮೂರು ವರ್ಷ ಅನ್ನ ತಿಂದದ್ದೇ ಕಣ್ಣಿನಿಂದ. ಓದಿದ್ದು ನಾಲ್ಕನೇ ಕ್ಲಾಸು. ಹೊಸಕೆರೆಹಳ್ಳಿಯ ಮನೆಯಿಂದ ಬೆಳಿಗ್ಗೆ ಏಳಕ್ಕೆ ಹೊರಟು, ಬನಶಂಕರಿಯಲ್ಲಿ ಬಸ್ಸು ಬದಲಿಸಿ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಒಂದಕ್ಕೆ ಹೋಗುತ್ತಿದ್ದರು. ಮೊದಲ ಎರಡು ವರ್ಷ ದಾರ ಕತ್ತರಿಸುವ ಹೆಲ್ಪರ್ ಕೆಲಸ. ಒಂದು ದಿನ ಎರಡು ಥಾನುಗಳ ಬಟ್ಟೆಯಿಂದ ಕತ್ತರಿಸಿದ ತೋಳುಗಳು ಕಲಬೆರಕೆಯಾಗಿ, ಯಾವ ತೋಳು ಯಾವ ಅಂಗಿಗೆ ಎಂದು ತಿಳಿಯದೆ ಇಡೀ ಲೈನು ನಿಂತುಹೋಯಿತು. ಎರಡೂ ಥಾನು ಆಕಾಶನೀಲಿಯೇ. ಊಟದ ಹೊತ್ತಿನಲ್ಲಿ ಮುನಿಲಕ್ಷ್ಮಮ್ಮ ಟ್ಯೂಬ್‌ಲೈಟಿನ ಕೆಳಗೆ ಕೂತು, ಇನ್ನೂರು ತೋಳುಗಳನ್ನು ಎರಡು ಗುಡ್ಡೆ ಮಾಡಿಟ್ಟು, ಕೈ ತೊಳೆದುಕೊಂಡು ಮುದ್ದೆ ತಿನ್ನಲು ಹೋದರು. ಅಂದಿನಿಂದ ಅವರ ಜಾಗ ಚೆಕಿಂಗ್ ಟೇಬಲ್ಲು. ಚೆಕ್ಕರ್ ನಂಬರ್ ಹದಿನಾಲ್ಕು.

ಅಂಗಿ ನೋಡುವುದಕ್ಕೆ ಅವರದೊಂದು ದಾರಿಯಿತ್ತು. ಕಾಲರ್, ಭುಜ, ತೋಳು, ಜೇಬು, ಅಂಚು. ದೇವಸ್ಥಾನದ ಪ್ರದಕ್ಷಿಣೆಯಂತೆ ಆ ದಾರಿ ಎಂದೂ ತಪ್ಪುತ್ತಿರಲಿಲ್ಲ. ದೋಷ ಕಂಡಲ್ಲಿ ಕೆಂಪು ಬಾಣದ ಸ್ಟಿಕರ್ ಅಂಟಿಸಿ ಮಗುಚಿ ಇಡುತ್ತಿದ್ದರು. ದೋಷವಿಲ್ಲದ ಪೀಸಿಗೆ ‘೧೪’ ಎಂಬ ಪುಟ್ಟ ಚೀಟಿ. ಅರ್ಪಿತ ಪಿಯುಸಿ ಮುಗಿಸಿದ್ದು, ಬಿ.ಕಾಂ. ಮಾಡಿದ್ದು, ಬ್ಯಾಂಕಿನ ಕೆಲಸಕ್ಕೆ ಸೇರಿದ್ದು ಎಲ್ಲ ಆ ಹದಿನಾಲ್ಕರ ಚೀಟಿಯ ದುಡಿಮೆಯಲ್ಲೇ.

ಕೆಲಸದ ಕೊನೆಯ ವರ್ಷ ಒಂದು ಘಟನೆ ನಡೆಯಿತು. ಕೆನೆಬಣ್ಣದ ಅಂಗಿಗಳ ದೊಡ್ಡ ಲಾಟು. ತೋಳಿನ ತುದಿಯ ಕೈಪಟ್ಟಿಯ ಬಣ್ಣ ಅಂಗಿಯ ಬಣ್ಣಕ್ಕಿಂತ ಕೂದಲೆಳೆಯಷ್ಟು ಬೇರೆ ಎಂದು ಮುನಿಲಕ್ಷ್ಮಮ್ಮನಿಗೆ ಕಂಡಿತು. ಲಾಟು ತಡೆದರು. ಹೊಸದಾಗಿ ಬಂದಿದ್ದ ಫ್ಲೋರ್ ಇನ್‌ಚಾರ್ಜ್ ಅಂಗಿಯನ್ನು ಬೆಳಕಿಗೆ ಹಿಡಿದು, “ಎಲ್ಲಿದೆ ಆಂಟಿ ಶೇಡು? ನಿಮ್ಮ ಕಣ್ಣು ಮಂಜಾಗಿದೆ, ನೋಡ್ಕೊಳ್ಳಿ,” ಎಂದ. ಆಗಲೇ ಕಣ್ಣಲ್ಲಿ ಪೊರೆ ಶುರುವಾಗಿತ್ತು. ರಾತ್ರಿ ಬಸ್ಸಿನ ಬೋರ್ಡು ಓದಲಾಗುತ್ತಿರಲಿಲ್ಲ. ಮುನಿಲಕ್ಷ್ಮಮ್ಮ “ಇರಬೋದು ಸಾರ್,” ಎಂದರು. ಇನ್ನೂರೈವತ್ತು ಅಂಗಿಗೂ ಹದಿನಾಲ್ಕರ ಚೀಟಿ ಬಿತ್ತು.

ಕೊಂಡವರಿಂದ ಲಾಟು ವಾಪಸ್ ಬಂತು. ಕಾರಣ ಕೈಪಟ್ಟಿಯ ಶೇಡು. ಚೀಟಿ ಯಾರದು ಎಂದು ನೋಡಿದರು. ಮಾರನೆಯ ದಿನವೇ ಅವರನ್ನು ಟೇಬಲ್ಲಿನಿಂದ ಎಬ್ಬಿಸಿ ಮತ್ತೆ ದಾರ ಕತ್ತರಿಸಲು ಕೂರಿಸಿದರು. ಕೊನೆಯ ಎಂಟು ತಿಂಗಳು, ಸೇರಿದ ದಿನ ಕೂತಿದ್ದ ಸ್ಟೂಲಿನ ಮೇಲೆಯೇ. ಇನ್‌ಚಾರ್ಜ್ ಹೇಳಿದ ಮಾತನ್ನು ಮುನಿಲಕ್ಷ್ಮಮ್ಮ ಯಾರ ಮುಂದೆಯೂ ಎತ್ತಲಿಲ್ಲ. ಅವರನ್ನು ಕೊರೆದದ್ದು ಅವನ ಮಾತಲ್ಲ, ತಮ್ಮದೇ ‘ಇರಬೋದು’.

ಈಗ ಮಗಳ ಮನೆಯಲ್ಲಿ ಒಂದು ತಿಂಗಳ ವಿಶ್ರಾಂತಿ. ಹೊಸಕೆರೆಹಳ್ಳಿಯಿಂದ ಗಂಡ ಚಿಕ್ಕಬೈರಪ್ಪ ದಿನಕ್ಕೆರಡು ಸಲ ಫೋನ್ ಮಾಡಿ, “ಡ್ರಾಪ್ಸ್ ಹಾಕ್ಕೊಂಡ್ಯಾ?” ಎಂದು ಕೇಳಿ ಇಟ್ಟುಬಿಡುತ್ತಿದ್ದರು. ಎರಡನೆಯ ವಾರ ಇನ್ನೊಂದು ಫೋನ್ ಬಂತು. ಅದೇ ಗಾರ್ಮೆಂಟ್ಸಿನಲ್ಲಿ ಟೈಲರ್ ಆಗಿದ್ದ ಕಾತ್ಯಾಯಿನಿ. ಈಗ ಹೊಸಕೆರೆಹಳ್ಳಿಯಲ್ಲೇ ಹತ್ತು ಮಿಷನ್ ಹಾಕಿ ಸ್ಕೂಲ್ ಯೂನಿಫಾರಂ ಹೊಲಿಸುತ್ತಿದ್ದಳು.

“ಅಕ್ಕ, ನಂಗೆ ಚೆಕಿಂಗಿಗೆ ಒಬ್ರು ಬೇಕು. ಹುಡುಗೀರಿಗೆ ಕಲಿಸ್ಲೂಬೇಕು. ನಿಮ್ಮ ಮನೆಯಿಂದ ಎರಡೇ ರಸ್ತೆ. ನೀವು ಓಕೆ ಅಂದ್ರೆ ಓಕೆ, ಇಲ್ಲ ಅಂದ್ರೆ ಇಲ್ಲ. ನಿಮ್ಮ ಮಾತೇ ಕೊನೆ.”

‘ನಿಮ್ಮ ಮಾತೇ ಕೊನೆ’ ಎಂದದ್ದೇ ತಪ್ಪಾಯಿತು. ಮುನಿಲಕ್ಷ್ಮಮ್ಮನಿಗೆ ತಮ್ಮ ‘ಇರಬೋದು’ ನೆನಪಾಯಿತು. “ಕಣ್ಣು ಈಗ ತಾನೇ ಆಗೈತೆ ಕಣವ್ವ, ನೋಡಾನ,” ಎಂದರು.

“ತಿಂಗಳ ಕೊನೆವರೆಗೂ ಕಾಯ್ತೀನಿ. ಆಮೇಲೆ ಬೇರೆಯವರನ್ನ ನೋಡ್ಕೊಬೇಕಾಗುತ್ತೆ ಅಕ್ಕ.”

ಅರ್ಪಿತ ಕೇಳಿಸಿಕೊಂಡು, “ಸಾಕಮ್ಮ, ಇಪ್ಪತ್ಮೂರು ವರ್ಷ ಮಾಡಿದ್ದೀಯ. ಇನ್ನು ಆರಾಮಾಗಿರು,” ಎಂದಳು. ಮುನಿಲಕ್ಷ್ಮಮ್ಮ ಹೂಂ ಎಂದರು. ಕೆಲಸ ಬೇಡ ಎನ್ನುವುದು ಬೇರೆ, ಕೆಲಸಕ್ಕೆ ಹೆದರುವುದು ಬೇರೆ. ಅದನ್ನು ಮಗಳಿಗೆ ಬಿಡಿಸಿ ಹೇಳಲು ಅವರಿಗೆ ಬಾಯಿ ಬರಲಿಲ್ಲ.

ಅರ್ಪಿತಳದು ಮೇಲಿನ ಮನೆ. ಕೆಳಗೆ ಮಾಲೀಕರಾದ ಅನಂತಪದ್ಮನಾಭ, ಗಣಿತದ ಮೇಷ್ಟ್ರಾಗಿ ನಿವೃತ್ತರಾದವರು, ಮತ್ತು ಅವರ ಹೆಂಡತಿ ಚೂಡಾಮಣಿ. ಭಾನುವಾರ ಮಧ್ಯಾಹ್ನ ಕೆಳಗಿನ ಹಾಲಿನಲ್ಲಿ ಜಮಖಾನ ಹಾಸಿ ಕಾರ್ಡ್ ಆಟ ನಡೆಯುತ್ತಿತ್ತು. ಇಸ್ಪೀಟಲ್ಲ. ಅರ್ಪಿತಳ ಮಗಳು ಲಿಖಿತಾಳ ಹತ್ತನೇ ಹುಟ್ಟುಹಬ್ಬಕ್ಕೆ ಮೇಷ್ಟ್ರೇ ಕೊಟ್ಟಿದ್ದ ಕಟ್ಟು. ಎಂಬತ್ತೊಂದು ಕಾರ್ಡು, ಒಂದರಂತೆ ಇನ್ನೊಂದಿಲ್ಲ. ಎಲೆ, ನಕ್ಷತ್ರ, ಚಂದ್ರ ಎಂದು ಮೂರು ಆಕಾರ. ಕೆಂಪು, ಹಸಿರು, ನೇರಳೆ ಎಂದು ಮೂರು ಬಣ್ಣ. ಒಂದು ಕಾರ್ಡಿನಲ್ಲಿ ಒಂದು, ಎರಡು ಇಲ್ಲವೇ ಮೂರು ಚಿತ್ರ. ಚಿತ್ರದ ಒಳಗೆ ಖಾಲಿ, ಗೆರೆ ಅಥವಾ ಪೂರ್ತಿ ಬಣ್ಣ. ಹನ್ನೆರಡು ಕಾರ್ಡು ಹರಡುತ್ತಾರೆ. ಅದರಲ್ಲಿ ಹೊಂದುವ ಮೂರನ್ನು ಯಾರು ಮೊದಲು ಕಾಣುತ್ತಾರೋ ಅವರು ‘ಸೆಟ್’ ಎಂದು ಎತ್ತಿಕೊಳ್ಳಬೇಕು.

ಮೊದಲ ಭಾನುವಾರ ಮುನಿಲಕ್ಷ್ಮಮ್ಮ ಗೋಡೆಗೊರಗಿ ಕೂತು ನೋಡುತ್ತಿದ್ದರು. “ಅಜ್ಜಿ, ನೀನೂ ಬಾ,” ಎಂದು ಲಿಖಿತಾ ಎಳೆದು ಕೂರಿಸಿದಳು. ಹನ್ನೆರಡು ಕಾರ್ಡು ಬಿದ್ದವು. ಎಲ್ಲರೂ ಸೆಟ್ ಹುಡುಕುತ್ತಿದ್ದರೆ ಮುನಿಲಕ್ಷ್ಮಮ್ಮನ ಕೈ ತಾನಾಗಿ ಮುಂದೆ ಹೋಗಿ, ಒಂದು ಕಾರ್ಡನ್ನು ಎತ್ತಿ, ಮಗುಚಿ ಪಕ್ಕಕ್ಕಿಟ್ಟಿತು.

“ಅಯ್ಯೋ ಅಜ್ಜಿ! ಏನ್ ಮಾಡ್ದೆ?”

“ಎಲ್ಲಾದ್ರಲ್ಲೂ ಬಣ್ಣ ಐತೆ, ಇದೊಂದ್ರಲ್ಲೇ ಖಾಲಿ. ರಿಜೆಕ್ಟು.”

“ರಿಜೆಕ್ಟ್ ಅಂತ ಇಲ್ಲ ಅಜ್ಜಿ ಈ ಆಟದಲ್ಲಿ! ಕಾರ್ಡ್ ಎಸೆಯೋ ಹಂಗಿಲ್ಲ!”

ಚೂಡಾಮಣಿ ಕೋಡುಬಳೆ ತಟ್ಟೆ ಮುಂದಿಡುತ್ತ, “ಬಿಡೇ ಲಿಖಿ, ನಾನು ಎರಡು ವರ್ಷದಿಂದ ಆಡ್ತಿದ್ದೀನಿ, ನಂಗೇ ಇನ್ನೂ ತಲೆಬುಡ ಗೊತ್ತಾಗಿಲ್ಲ. ಕೋಡುಬಳೆ ಕೊಡೋರು ಬೇಕಲ್ಲ ಅಂತ ಇವರು ನನ್ನ ಇಟ್ಕೊಂಡಿದ್ದಾರೆ,” ಎಂದರು.

“ಕೋಡುಬಳೆನೂ ಒಂದೊಂದು ಒಂದೊಂದು ಸೈಜು,” ಎಂದು ಮೇಷ್ಟ್ರು ಗೊಣಗಿದರು.

ಇಪ್ಪತ್ತು ವರ್ಷ ಬೇರೆಯಾದದ್ದನ್ನು ಹೆಕ್ಕಿ ತೆಗೆದ ಕಣ್ಣು ಹೊಂದುವುದನ್ನು ಹುಡುಕಲು ಒಪ್ಪುತ್ತಿರಲಿಲ್ಲ. ಅದರಲ್ಲೂ ಒಂದು ಮಾತು ಅವರಿಗೆ ಗಂಟಲಲ್ಲಿ ಇಳಿಯಲೇ ಇಲ್ಲ. ಮೂರೂ ಒಂದೇ ಥರ ಇದ್ದರೆ ಸೆಟ್, ಸರಿ. ಮೂರೂ ಬೇರೆ ಬೇರೆ ಇದ್ದರೂ ಸೆಟ್ ಅಂತೆ! ಬೇರೆ ಬೇರೆ ಇದ್ದ ಮೇಲೆ ಹೊಂದಿಕೆ ಎಲ್ಲಿಂದ ಬಂತು?

“ನೋಡು ಅಜ್ಜಿ,” ಎಂದು ಲಿಖಿತಾ ಮರುದಿನ ಸ್ಕೂಲಿನಿಂದ ಬಂದವಳೇ ಮೂರು ಕಾರ್ಡಿಟ್ಟಳು. “ಒಂದು ಕೆಂಪು, ಒಂದು ಹಸಿರು, ಒಂದು ನೇರಳೆ. ಓಕೆ. ಮೂರೂ ಕೆಂಪು ಇದ್ರೂ ಓಕೆ. ಆದ್ರೆ ಎರಡು ಕೆಂಪು, ಒಂದು ಹಸಿರು ಇದ್ರೆ ಔಟ್. ಆಕಾರಕ್ಕೂ ಹಂಗೇ, ಎಣಿಕೆಗೂ ಹಂಗೇ, ಒಳಗೆ ತುಂಬಿರೋದಕ್ಕೂ ಹಂಗೇ.”

ಮುನಿಲಕ್ಷ್ಮಮ್ಮ ಮೂರು ಕಾರ್ಡನ್ನೂ ದಿಟ್ಟಿಸಿದರು. ನೆಟ್ಟಗೆ ಕೂತರು. “ಅಯ್ಯೋ ನಿನ್ನ! ಇದು ಅಸಾರ್ಟೆಡ್ ಪ್ಯಾಕು ಅಂತ ಮೊದ್ಲೇ ಹೇಳಬಾರ್ದಾ?”

“ಏನು ಪ್ಯಾಕು?”

“ಮಕ್ಕಳ ಟೀ ಶರ್ಟು ಮೂರ್ಮೂರು ಒಂದು ಕವರಿಗೆ ಹಾಕ್ತಾರೆ. ಸಾಲಿಡ್ ಪ್ಯಾಕು ಅಂದ್ರೆ ಮೂರೂ ಒಂದೇ ಬಣ್ಣ. ಅಸಾರ್ಟೆಡ್ ಅಂದ್ರೆ ಮೂರೂ ಬೇರೆ ಬೇರೆ. ಎರಡು ಕೆಂಪು ಒಂದು ಹಸಿರು ಬಂತೋ, ಡಬ್ಬಾನೇ ತಡೆದುಬಿಡ್ತೀವಿ. ಇಷ್ಟೇನಾ ನಿಮ್ಮ ಆಟ?”

ಇಷ್ಟೇ ಆಗಿತ್ತು. ಎರಡನೆಯ ಭಾನುವಾರ ಅವರು ಐದು ಸೆಟ್ ಎತ್ತಿದರು. ಅಂಗಿಗೆ ಇದ್ದಂತೆ ಕಾರ್ಡಿಗೂ ಒಂದು ದಾರಿ ಮಾಡಿಕೊಂಡಿದ್ದರು. ಮೊದಲು ಬಣ್ಣ, ಆಮೇಲೆ ಆಕಾರ, ಆಮೇಲೆ ಎಣಿಕೆ, ಕೊನೆಗೆ ಒಳಗಿನ ತುಂಬು. ಯಾರಾದರೂ ಅವಸರದಲ್ಲಿ ತಪ್ಪು ಸೆಟ್ ಎತ್ತಿದರೆ, “ತಡೀರಿ, ಅದು ಹೋಲ್ಡು,” ಎನ್ನುತ್ತಿದ್ದರು. ಅರ್ಪಿತ ಅಮ್ಮನನ್ನು ಬೆರಗಿನಿಂದ ನೋಡುತ್ತಿದ್ದಳು. ಚಿಕ್ಕಂದಿನಲ್ಲಿ ಅಮ್ಮ ಮನೆಗೆ ಬರುವಾಗ ಕೆಂಪಾಗಿರುತ್ತಿದ್ದ ಕಣ್ಣು ಮಾತ್ರ ಅವಳಿಗೆ ಗೊತ್ತಿತ್ತು. ಆ ಕಣ್ಣು ಹಗಲೆಲ್ಲ ಏನು ಮಾಡುತ್ತಿತ್ತು ಎಂಬುದನ್ನು ನೋಡಿದ್ದು ಇದೇ ಮೊದಲು.

ಆಟದಲ್ಲಿ ಮೇಷ್ಟ್ರು ಮಾಡಿದ ಒಂದು ಕಾನೂನಿತ್ತು. ಹರಡಿದ ಕಾರ್ಡುಗಳಲ್ಲಿ ಕೆಲವೊಮ್ಮೆ ಸೆಟ್ ಇರುವುದೇ ಇಲ್ಲ. ಆಗ ಯಾರು ಬೇಕಾದರೂ ‘ಇಲ್ಲ’ ಎನ್ನಬಹುದು. ಉಳಿದವರಿಗೆ ಎರಡು ನಿಮಿಷ. ಅಷ್ಟರಲ್ಲಿ ಯಾರಿಗೂ ಸಿಗದಿದ್ದರೆ ಹೇಳಿದವರಿಗೆ ಒಂದು ಸೆಟ್ಟಿನ ಲಾಭ, ಸಿಕ್ಕಿಬಿಟ್ಟರೆ ಎರಡು ಸೆಟ್ಟಿನ ನಷ್ಟ. ಹೀಗಾಗಿ ಯಾರೂ ಬಾಯಿಬಿಡುತ್ತಿರಲಿಲ್ಲ. ಎಲ್ಲರೂ ಸುಸ್ತಾಗಿ ಸುಮ್ಮನಾದ ಮೇಲೆ ಮೇಷ್ಟ್ರೇ ಇನ್ನೂ ಮೂರು ಕಾರ್ಡು ಹಾಕುತ್ತಿದ್ದರು.

ತಿಂಗಳ ಕೊನೆಯ ಭಾನುವಾರ ಬಂತು. ಸೋಮವಾರ ಕಾತ್ಯಾಯಿನಿಗೆ ಉತ್ತರ ಹೇಳಬೇಕು. ‘ಆಗಲ್ಲ ಕಣವ್ವ’ ಎಂಬ ಮಾತನ್ನು ಮುನಿಲಕ್ಷ್ಮಮ್ಮ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದರು.

ಅಂದಿನ ಆಟ ಬಿಗಿಯಾಗಿತ್ತು. ಕಟ್ಟಿನ ಕಾರ್ಡೆಲ್ಲ ಮುಗಿದು ಜಮಖಾನದ ಮೇಲೆ ಕೊನೆಯ ಹನ್ನೆರಡು ಉಳಿದವು. ಮೇಷ್ಟ್ರದು ಎಂಟು ಸೆಟ್. ಮುನಿಲಕ್ಷ್ಮಮ್ಮನದೂ ಎಂಟು. ಲಿಖಿತಾ ನಾಲ್ಕು, ಅರ್ಪಿತ ಎರಡು. ಚೂಡಾಮಣಿ ತಮ್ಮ ಒಂದೇ ಸೆಟ್ಟನ್ನು ಎಲೆಅಡಿಕೆಯಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಫಿಗೆ ಎದ್ದಿದ್ದರು.

ಐದು ನಿಮಿಷ ಎಲ್ಲರ ಕಣ್ಣು ಆ ಕಾರ್ಡುಗಳ ಮೇಲೆಯೇ ಓಡಾಡಿತು.

“ಇಲ್ಲ,” ಎಂದರು ಮುನಿಲಕ್ಷ್ಮಮ್ಮ.

ಲಿಖಿತಾ ಬಾಯಿಗೆ ಕೈ ಹಿಡಿದಳು. “ಅಜ್ಜಿ! ತಪ್ಪಾದ್ರೆ ಎರಡು ಸೆಟ್ ಹೋಗುತ್ತೆ, ಮೇಷ್ಟ್ರು ತಾತ ಗೆದ್ಬಿಡ್ತಾರೆ!”

“ಇದೆ,” ಎಂದರು ಅನಂತಪದ್ಮನಾಭ, ಕನ್ನಡಕ ಮೇಲೇರಿಸಿ. “ನಂಗೆ ಅನ್ನಿಸ್ತಿದೆ, ಇದೆ.” ಕೈಗಡಿಯಾರ ಬಿಚ್ಚಿ ಎದುರಿಗಿಟ್ಟರು. ಅರ್ಧ ನಿಮಿಷದಲ್ಲೇ ಅವರ ಬೆರಳು ಮೂರು ಕಾರ್ಡಿನ ಮೇಲೆ ಬಿತ್ತು. “ಇಗೋ!”

ಮುನಿಲಕ್ಷ್ಮಮ್ಮ ಬಾಗಿ ನೋಡಿದರು. “ಒಳಗೆ ನೋಡಿ ಸಾರ್. ಎರಡು ಖಾಲಿ, ಒಂದು ಗೆರೆ. ಹೋಲ್ಡು.”

ಮೇಷ್ಟ್ರು ಬೆರಳು ತೆಗೆದರು. ಒಂದು ನಿಮಿಷ ಕಳೆಯಿತು. ಆಮೇಲೆ ಅವರು ಕನಿಕರದಿಂದಲೇ, ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತು ಆಡಿದರು. “ಮುನಿಲಕ್ಷ್ಮಮ್ಮನವರೇ, ಕಣ್ಣಿನ ಆಪರೇಷನ್ ಆಗಿ ತಿಂಗಳೂ ಆಗಿಲ್ಲ. ಒಂದೊಂದು ಸಲ ಕಾಣದೇ ಇರಬಹುದು. ಬೇಕಾದ್ರೆ ಮಾತು ವಾಪಸ್ ತಗೊಳ್ಳಿ, ನಾವೇನೂ ಸೆಟ್ ಕಿತ್ಕೊಳ್ಳಲ್ಲ.”

ಹಾಲಿನಲ್ಲಿ ಕಿಟಕಿಯಿಂದ ಬಿಸಿಲು ಚೆನ್ನಾಗಿ ಬೀಳುತ್ತಿತ್ತು. ಆದರೂ ಮುನಿಲಕ್ಷ್ಮಮ್ಮನಿಗೆ ತಲೆಯ ಮೇಲೆ ಬೊಮ್ಮನಹಳ್ಳಿಯ ಟ್ಯೂಬ್‌ಲೈಟು ಉರಿದಂತಾಯಿತು. ಕೈಯಲ್ಲಿ ಕೆನೆಬಣ್ಣದ ಅಂಗಿ. ‘ಇರಬೋದು ಸಾರ್’ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ಅಂದುಬಿಡುವುದು ಎಷ್ಟು ಸುಲಭ. ಯಾರೂ ಬೈಯುವುದಿಲ್ಲ, ಕಾಫಿ ಬರುತ್ತದೆ, ಎಲ್ಲರೂ ನಗುತ್ತಾರೆ.

ಅವರು ಕಾರ್ಡುಗಳನ್ನು ಇನ್ನೊಮ್ಮೆ ನೋಡಿದರು. ಬಣ್ಣ, ಆಕಾರ, ಎಣಿಕೆ, ತುಂಬು. ಆ ದಾರಿಯಲ್ಲಿ ಮೊದಲಿನಿಂದ ಕೊನೆಯವರೆಗೆ ಹೋಗಿ ಬಂದರು. ಕೆನೆಬಣ್ಣದ ಅಂಗಿಗಳ ದಿನವೂ ದಾರಿ ತಪ್ಪಿರಲಿಲ್ಲವಲ್ಲ ಎಂಬುದು ಆಗ ಅವರಿಗೆ ಹೊಳೆಯಿತು. ಪೊರೆ ಬಂದಿದ್ದ ಕಣ್ಣೂ ಅಂದು ಸರಿಯಾಗಿಯೇ ನೋಡಿತ್ತು. ಸೋತದ್ದು ಬಾಯಿ.

“ಇಲ್ಲ ಸಾರ್. ಇಲ್ಲ ಅಂದ್ರೆ ಇಲ್ಲ.”

“ಹೆಂಗೆ ಹೇಳ್ತೀರಿ? ಯಾವ ಎರಡು ಕಾರ್ಡ್ ಹಿಡಿದ್ರೂ ಅದಕ್ಕೆ ಹೊಂದೋ ಮೂರನೇದು ಒಂದೇ ಇರುತ್ತೆ. ಹನ್ನೆರಡು ಕಾರ್ಡಿಗೆ ಅರವತ್ತಾರು ಜೋಡಿ ಆಗುತ್ತೆ. ಅಷ್ಟೂ ನೋಡಿದ್ರಾ?”

“ಜೋಡಿ ಗೀಡಿ ನಂಗೊತ್ತಿಲ್ಲ ಸಾರ್. ಇಲ್ಲಿ ಕೆಂಪು ಎರಡೇ ಇರೋದು. ಅಂದ್ಮೇಲೆ ಕೆಂಪಿನ ಸಾಲಿಡ್ ಪ್ಯಾಕ್ ಆಗಲ್ಲ. ಹಸಿರು ಐದು, ನೇರಳೆ ಐದು. ಅವುಗಳೊಳಗೆ ನೋಡಿದೆ, ಎಲ್ಲೋ ಒಂದು ಕಡೆ ಎರಡು ಒಂದು ಥರ ಆಗಿ ಕೆಡ್ತವೆ. ಉಳಿದಿದ್ದು ಅಸಾರ್ಟೆಡ್. ಅದಕ್ಕೆ ಈ ಎರಡು ಕೆಂಪಿನಲ್ಲಿ ಒಂದು ಬರಲೇಬೇಕು. ಎರಡನ್ನೂ ಐದೈದು ಹಸಿರಿನ ಜೊತೆ ಇಟ್ಟು ನೋಡಿದೆ. ಅವು ಕೇಳೋ ನೇರಳೆ ಇಲ್ಲಿಲ್ಲ.”

ಗಡಿಯಾರದ ಎರಡು ನಿಮಿಷ ಯಾವಾಗಲೋ ಮುಗಿದಿತ್ತು. ಕಾನೂನಿನ ಪ್ರಕಾರ ಆಟವೂ ಮುಗಿದಿತ್ತು. ಆದರೆ ಮೇಷ್ಟ್ರು ಬಿಡುವವರಲ್ಲ. ಪಕ್ಕದಲ್ಲಿದ್ದ ಯಾರದೋ ಮದುವೆ ಕರೆಯೋಲೆಯ ಕವರು ತೆಗೆದುಕೊಂಡು, ಅದರ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಒಂದೊಂದೇ ಜೋಡಿ ಬರೆದು ಅಡ್ಡಗೆರೆ ಎಳೆಯಲು ಶುರುಮಾಡಿದರು. ಚೂಡಾಮಣಿ ತಂದಿಟ್ಟ ಕಾಫಿ ಆರಿತು. ಲಿಖಿತಾ ಅವರ ಭುಜದ ಮೇಲಿನಿಂದ ಎಣಿಸುತ್ತಿದ್ದಳು. ನಲವತ್ತು, ಐವತ್ತು, ಅರವತ್ತು. ಅರ್ಪಿತ ಅಮ್ಮನ ಕೈ ಹಿಡಿದುಕೊಂಡಳು.

“ಅರವತ್ತಾರು,” ಎಂದು ಮೇಷ್ಟ್ರು ಪೆನ್ಸಿಲ್ ಕೆಳಗಿಟ್ಟರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. “ಇಲ್ಲ.”

“ಅಜ್ಜಿ ಗೆದ್ಲು!” ಎಂದು ಲಿಖಿತಾ ಕೂಗಿದ್ದು ಬೀದಿಯ ಕೊನೆಯವರೆಗೂ ಕೇಳಿಸಿರಬೇಕು.

“ಲಿಖಿತಾ, ಇಲ್ಲಿ ಕೇಳು,” ಎಂದರು ಮೇಷ್ಟ್ರು. “ಇದೆ ಅಂತ ತೋರಿಸೋಕೆ ಮೂರು ಕಾರ್ಡ್ ಸಾಕು. ಇಲ್ಲ ಅಂತ ಹೇಳೋಕೆ ಎಲ್ಲಾನೂ ನೋಡಿರಬೇಕು. ಮೂವತ್ತೈದು ವರ್ಷ ಇದನ್ನ ಬೋರ್ಡ್ ಮೇಲೆ ಬರೆದು ಬರೆದು ಹೇಳಿಕೊಟ್ಟೆ. ನಿಮ್ಮಜ್ಜಿ ಕೂತ ಕಡೆಯಿಂದಲೇ ಮಾಡಿದ್ರು.” ಆಮೇಲೆ ಮುನಿಲಕ್ಷ್ಮಮ್ಮನ ಕಡೆ ತಿರುಗಿ ಕೈಮುಗಿದರು. “ತಪ್ಪು ನನ್ನದು ಮೇಡಂ. ಕಣ್ಣಿನ ಮಾತು ಆಡಬಾರದಾಗಿತ್ತು.”

ಮನೆ ಮಾಲೀಕರು ತಮ್ಮನ್ನು ಮೇಡಂ ಎಂದದ್ದು ಕೇಳಿ ಮುನಿಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡರು. “ಅಯ್ಯೋ ಬಿಡಿ ಸಾರ್,” ಎನ್ನುತ್ತಲೇ ಇದ್ದರು. ಆದರೆ ಎದ್ದು ಮೆಟ್ಟಿಲು ಹತ್ತುವಾಗ ಅವರು ಗೋಡೆ ಹಿಡಿಯಲಿಲ್ಲ.

ಮೇಲೆ ಬಂದವರೇ, “ಕಾತ್ಯಾಯಿನಿಗೆ ಫೋನ್ ಹಾಕ್ಕೊಡು,” ಎಂದರು.

ಅರ್ಪಿತ ತಡೆದಳು. “ಅಮ್ಮ, ನಿಜ್ವಾಗ್ಲೂ ಬೇಕಾ? ನಿಂಗೇನು ಕಡಿಮೆ ಆಗಿದೆ ಹೇಳು.”

ಆಗ ಮುನಿಲಕ್ಷ್ಮಮ್ಮ ಕೆನೆಬಣ್ಣದ ಅಂಗಿಗಳ ಕತೆಯನ್ನು ಮೊದಲ ಬಾರಿಗೆ ಮಗಳಿಗೆ ಹೇಳಿದರು. ಉದ್ದವಾಗಿ ಹೇಳಲಿಲ್ಲ. ನಿಂತುಕೊಂಡೇ ನಾಲ್ಕು ಮಾತಿನಲ್ಲಿ ಹೇಳಿದರು. ಅರ್ಪಿತ ಮತ್ತೇನೂ ಕೇಳದೆ ನಂಬರ್ ಒತ್ತಿ ಫೋನನ್ನು ಅಮ್ಮನ ಕೈಗಿತ್ತಳು.

“ಕಾತ್ಯಾಯಿನಿ, ನಾನು ಬತ್ತೀನಿ. ಆದ್ರೆ ಒಂದು ಮಾತು. ನಾನು ಇಲ್ಲ ಅಂದ ಪೀಸು ಹೊರಗೆ ಹೋಗೋ ಹಂಗಿಲ್ಲ. ನೀನು ಹೇಳಿದ್ರೂ ಹೋಗೋ ಹಂಗಿಲ್ಲ.”

“ಅದಕ್ಕೇ ಅಕ್ಕ ನಿಮ್ಮನ್ನ ಕರೀತಿರೋದು.”

“ಮತ್ತೆ ಚೀಟಿ ಮಾಡ್ಸು. ನಂಬರ್ ಹದಿನಾಲ್ಕು ಅಂತ.”

ಆ ಕಡೆ ಕಾತ್ಯಾಯಿನಿ ನಕ್ಕಳು. “ನಮ್ಮಲ್ಲಿ ಇರೋದೇ ಒಬ್ರು ಚೆಕ್ಕರ್ ಅಕ್ಕ. ಹದಿನಾಲ್ಕು ಯಾಕೆ?”

“ಇರಲಿ,” ಎಂದರು ಮುನಿಲಕ್ಷ್ಮಮ್ಮ. “ಅದು ನಂದು.”